ಕರಗಿದ ಕಲ್ಲು ಬಾಹ್ಯಾಕಾಶದಲ್ಲಿ ಏನಾಗುತ್ತದೆ? ಮೊದಲು ಲೋಟದಲ್ಲಿ ನೋಡಿ

ಕೋಲಾರದ ಚಿನ್ನದ ಗಣಿ ಪ್ರದೇಶದ ಕಪ್ಪು ಕಲ್ಲು ಸುಮಾರು 270 ಕೋಟಿ ವರ್ಷಗಳ ಹಿಂದೆ ಉಕ್ಕಿದ ಲಾವಾ. ನಂದಿಬೆಟ್ಟದ್ದು ಗ್ರಾನೈಟ್. ಎರಡನ್ನೂ ಕರಗಿಸಿ ಬಾಹ್ಯಾಕಾಶಕ್ಕೆ ಚೆಲ್ಲಿದರೆ ಒಂದೇ ರೀತಿ ವರ್ತಿಸುವುದಿಲ್ಲ. ಏಕೆಂದು ತಿಳಿಯಲು, ತೂಕವಿಲ್ಲದ ಹನಿಯನ್ನು ಮೊದಲು ಕಣ್ಣಾರೆ ನೋಡಬೇಕು.

ಮೆಡಿಕಲ್ ಶಾಪಿನ ಶೇ 70ರ ಐಸೊಪ್ರೊಪೈಲ್ ಸ್ಪಿರಿಟ್ 100 ಮಿ.ಲೀ. ತೆಗೆದುಕೊಂಡು ಗಾಜಿನ ಲೋಟಕ್ಕೆ ಹಾಕಿ. ಬೇಗ ಹೊತ್ತಿಕೊಳ್ಳುವ ವಸ್ತು. ಹತ್ತಿರದಲ್ಲಿ ಒಲೆ, ದೀಪ ಬೇಡ, ಮಕ್ಕಳ ಜೊತೆ ದೊಡ್ಡವರು ಇರಲೇಬೇಕು. ಸೂಜಿ ತೆಗೆದ ಸಿರಿಂಜಿನಿಂದ 2 ಮಿ.ಲೀ. ಕಡಲೆಕಾಯಿ ಎಣ್ಣೆಯನ್ನು ಒಳಕ್ಕೆ ಬಿಡಿ. ತಳಕ್ಕಿಳಿಯುತ್ತದೆ. ಈಗ ಲೋಟದ ಅಂಚಿನಿಂದ ನೀರನ್ನು ಸ್ವಲ್ಪಸ್ವಲ್ಪವೇ ಸೇರಿಸುತ್ತಾ ಮೆಲ್ಲಗೆ ಕದಡಿ. 25 ಮಿ.ಲೀ. ಆಸುಪಾಸಿನಲ್ಲಿ ಎಣ್ಣೆ ತಳ ಬಿಟ್ಟೆದ್ದು ನಡುವೆ ದುಂಡಗೆ ನಿಲ್ಲುತ್ತದೆ. ಸುತ್ತಲಿನ ದ್ರವದ ಸಾಂದ್ರತೆ ಎಣ್ಣೆಯಷ್ಟೇ ಆಗಿರುವುದರಿಂದ ಹನಿ ತೂಕವಿಲ್ಲದಂತೆ ತೇಲುತ್ತದೆ. ಮೇಲಕ್ಕೇರಿದರೆ ನೀರು ಹೆಚ್ಚಾಗಿದೆ, ಸ್ಪಿರಿಟ್ ಸೇರಿಸಿ. ಜೋರಾಗಿ ಕಲಕಿದರೆ ಎಣ್ಣೆ ನುಚ್ಚಾಗುತ್ತದೆ, ಹೊಸದಾಗಿಯೇ ಮಾಡಬೇಕು. ಕಡ್ಡಿಯಿಂದ ಹನಿಯನ್ನು ಎಳೆದು ಬಿಟ್ಟು ನೋಡಿ: ಮತ್ತೆ ದುಂಡಗಾಗುತ್ತದೆ. ಇದು ಮೇಲ್ಮೈ ಎಳೆತದ, ಅಂದರೆ ದ್ರವದ ಮೇಲ್ಮೈಯನ್ನು ಆದಷ್ಟು ಕುಗ್ಗಿಸುವ ಸೆಳೆತದ ಕೆಲಸ.

ಲಾವಾದಲ್ಲೂ ಇದೇ ಎಳೆತವಿದೆ, ಆದರೆ ಎದುರಿಗೆ ಚಳಿಯ ಪೈಪೋಟಿ. ನಿರ್ವಾತದಲ್ಲಿ ಶಾಖ ಹೊರಹೋಗುವುದು ವಿಕಿರಣದಿಂದ ಮಾತ್ರ. ಹಾಗೆಂದು ನಿಧಾನವೇನಲ್ಲ: 1,200 ಡಿಗ್ರಿಯಲ್ಲಿ ಚದರ ಮೀಟರಿಗೆ ಸುಮಾರು 240 ಕಿಲೋವಾಟ್. 200 ಡಿಗ್ರಿಗಿಳಿದಾಗ ಅದರ ತೊಂಬತ್ತರಲ್ಲೊಂದು ಪಾಲು ಮಾತ್ರ.

ನೀರಿಗಿಂತ ಲಕ್ಷ ಪಟ್ಟು ಮಂದವಾದ ಕೋಲಾರದ ಲಾವಾ 1 ಮಿ.ಮೀ. ಹನಿಯಾದರೆ ಅರೆ ಸೆಕೆಂಡಿನೊಳಗೆ ದುಂಡಗಾಗುತ್ತದೆ. ಗಟ್ಟಿಯಾಗಲು ಮೂರು ಸೆಕೆಂಡ್ ಬೇಕು. ಹಾಗಾಗಿ ಗಾಜಿನ ಮಣಿ ಸಿಗುತ್ತದೆ. 10 ಸೆಂ.ಮೀ. ಮುದ್ದೆಗೆ ದುಂಡಗಾಗಲು ಕಾಲು ನಿಮಿಷ ಬೇಕು, ಸಿಪ್ಪೆ ಅದಕ್ಕೂ ಮೊದಲೇ ಕಟ್ಟುತ್ತದೆ. ಸೊಟ್ಟ ಗಡ್ಡೆಯೇ ಗತಿ, ಒಳಗಿನ್ನೂ ಹಲವು ನಿಮಿಷ ಕೆಂಡ. ಸಿಲಿಕಾ (ಮರಳಿನ ಮುಖ್ಯ ವಸ್ತು) ಹೆಚ್ಚಿರುವ ನಂದಿಯ ಗ್ರಾನೈಟ್ ಅಂಟು ಎಷ್ಟೆಂದರೆ ಸಣ್ಣ ಹನಿ ಕೂಡ ಹರಿದ ಆಕಾರದಲ್ಲೇ ಗಟ್ಟಿಯಾಗುತ್ತದೆ.

ಲೆಕ್ಕ ಕೆಡಿಸುವುದು ಗುಳ್ಳೆ. ಕೋಲಾರದ ಕಲ್ಲಿನ ಹಾರ್ನ್‌ಬ್ಲೆಂಡ್ ಹರಳಿನಲ್ಲಿ ತೂಕದ ಶೇ 2ರಷ್ಟು ನೀರಿದೆ. ಒತ್ತಡವಿಲ್ಲದ ಕಡೆ ಅದು ಆವಿಯಾಗಿ ಹನಿಯನ್ನು ನೊರೆಯಾಗಿ ಉಬ್ಬಿಸುತ್ತದೆ. ಸಿಪ್ಪೆ ಕಟ್ಟಿದ ಮೇಲೆ ಎದ್ದರೆ ಸಿಡಿಸುತ್ತದೆ.

ಇಂಥ ಹನಿಗಳು ನಿಜಕ್ಕೂ ಇವೆ. ಅನೇಕ ಉಲ್ಕಾಶಿಲೆಗಳ ತುಂಬ ಕಾಂಡ್ರೂಲ್ ಎಂಬ ಮಿ.ಮೀ. ಗಾತ್ರದ ಕಲ್ಲಿನ ಮಣಿಗಳಿವೆ, ಸುಮಾರು 456 ಕೋಟಿ ವರ್ಷ ಹಳೆಯವು. ಬರಿಯ ನಿರ್ವಾತದಲ್ಲಿ ಅವು ಸೆಕೆಂಡುಗಳಲ್ಲಿ ಗಟ್ಟಿಯಾಗಬೇಕಿತ್ತು. ಒಳಗಿನ ಹರಳುಗಳನ್ನು ನೋಡಿದರೆ ತಣಿಯಲು ಗಂಟೆಗಟ್ಟಲೆ ಹಿಡಿದಿದೆ. ಅಂದರೆ ಅವು ಒಂಟಿಯಾಗಿ ತೇಲುತ್ತಿರಲಿಲ್ಲ; ಸುತ್ತ ಬಿಸಿ ಅನಿಲವೂ ದೂಳೂ ದಟ್ಟವಾಗಿದ್ದವು.