ಚೀಟಿಯಲ್ಲಿ 8.5, ಬಟವಾಡೆಯಲ್ಲಿ 8.45

ಹಳ್ಳಿಯೊಂದರ ಹಾಲಿನ ಡೇರಿಗೆ ನಾನು ಜಾವಾದಲ್ಲಿ ಬರೆದುಕೊಟ್ಟ ಸಾಫ್ಟ್‌ವೇರ್ ಎರಡು ವರ್ಷ ತೊಂದರೆಯಿಲ್ಲದೆ ನಡೆದಿತ್ತು. ಒಂದು ದಿನ ಕಾರ್ಯದರ್ಶಿಗಳು ಫೋನ್ ಮಾಡಿದರು. "ಒಂದ್ಸಲ ಬಂದು ಹೋಗಿ ಸಾರ್. ಸದಸ್ಯರೊಬ್ಬರು ಚೀಟಿ ಎಲ್ಲಾ ಜೋಡಿಸ್ಕೊಂಡು ಬಂದಿದಾರೆ, ಲೆಕ್ಕ ತಾಳೆ ಆಗ್ತಿಲ್ಲ."

ಆ ತಾಯಿ ಹಾಲು ಹಾಕಿದಾಗ ಸಿಕ್ಕ ಹದಿನೈದು ದಿನದ ಚೀಟಿಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಒಂದೂ ಬಿಡದಂತೆ ಇಟ್ಟುಕೊಂಡಿದ್ದರು. ಬಟವಾಡೆಯಲ್ಲಿ 63 ರೂಪಾಯಿ ಕಡಿಮೆ ಬಂದಿತ್ತು. ಒಂದೊಂದೇ ಚೀಟಿ ತೆಗೆದು ನೋಡಿದೆವು. ವ್ಯತ್ಯಾಸ ಇದ್ದದ್ದು ಒಂಬತ್ತರಲ್ಲಿ ಮಾತ್ರ. ಒಂದೊಂದರಲ್ಲೂ 7 ಲೀಟರ್ ಹಾಲು, ಲೀಟರಿಗೆ 1 ರೂಪಾಯಿ ಖೋತಾ. ಒಂಬತ್ತರ ಮೇಲೂ ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಘನಾಂಶದ ಶೇಕಡಾವಾರು) 8.5 ಎಂದೇ ಅಚ್ಚಾಗಿತ್ತು.

ಅದರಲ್ಲೊಂದು ಚೀಟಿ: ಲ್ಯಾಕ್ಟೋಮೀಟರ್ (ಹಾಲಿನ ಸಾಂದ್ರತೆ ಅಳೆಯುವ ಉಪಕರಣ) ರೀಡಿಂಗ್ 29, ಫ್ಯಾಟ್ 4.2. ಆ ಡೇರಿಯ ಸೂತ್ರದಂತೆ ಲ್ಯಾಕ್ಟೋಮೀಟರ್ ರೀಡಿಂಗಿನ ಕಾಲು ಭಾಗ, ಫ್ಯಾಟನ್ನು 0.2ರಿಂದ ಗುಣಿಸಿದ್ದು, ಮೇಲೆ 0.36. ಅಂದರೆ 7.25, 0.84, 0.36, ಕೂಡಿದರೆ 8.45. ಚೀಟಿ ಅಚ್ಚುಹಾಕುವ ಕೋಡು ಅದನ್ನು ಮೊದಲು ಒಂದು ದಶಮಾಂಶಕ್ಕೆ ತಂದು, 8.5 ಮಾಡಿಕೊಂಡು, ಆಮೇಲೆ ದರ ಹುಡುಕುತ್ತಿತ್ತು. ಬಟವಾಡೆಯ ಸ್ಟೋರ್ಡ್ ಪ್ರೊಸೀಜರ್ (ಡೇಟಾಬೇಸಿನೊಳಗೇ ಓಡುವ ಕೋಡು) 8.45ನ್ನು ಹಾಗೇ ಇಟ್ಟುಕೊಂಡು, 8.5ಕ್ಕಿಂತ ಕಡಿಮೆ ಎಂದು ಕೆಳಗಿನ ದರ ಹಾಕುತ್ತಿತ್ತು. 8.5ರ ಗಡಿ ಇದ್ದ ಹೊಸ ದರಪಟ್ಟಿ ಬಂದದ್ದೇ ಆ ಹದಿನೈದು ದಿನದ ಶುರುವಿನಲ್ಲಿ. ಅದನ್ನು ಎರಡೂ ಕಡೆ ಸೇರಿಸಿದವನು ನಾನೇ.

ಎರಡರಲ್ಲಿ ಯಾವುದು ಸರಿ ಎನ್ನುವುದು ಪ್ರೋಗ್ರಾಮರ್ ತೀರ್ಮಾನಿಸುವ ವಿಷಯವಲ್ಲ. ಗೋಡೆಗೆ ಅಂಟಿಸಿದ್ದ ಸುತ್ತೋಲೆ ಓದಿದೆವು. ಒಂದು ದಶಮಾಂಶಕ್ಕೆ ತಂದ ಮೇಲೆಯೇ ದರ ನೋಡಬೇಕು ಎಂದಿತ್ತು. ಚೀಟಿಯೇ ಸರಿ. ಅದೇ ಗಡಿಯಲ್ಲಿದ್ದ ಉಳಿದವರ ಲೆಕ್ಕವನ್ನೂ ತೆಗೆದು, ಮುಂದಿನ ಬಟವಾಡೆಯಲ್ಲಿ ಬಾಕಿ ಸೇರಿಸಿ ಕೊಟ್ಟರು.

ಕೋಡು ಸರಿಪಡಿಸಲು ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ನಿಯಮಗಳನ್ನೆಲ್ಲ ಬಾಚಿ ಒಂದೇ ಸರ್ವಿಸ್ ಕ್ಲಾಸಿಗೆ, ಅಂದರೆ ಲೆಕ್ಕ ಮಾತ್ರ ಮಾಡುವ ಕೋಡಿನ ಒಂದು ತುಂಡಿಗೆ, ತುಂಬಿದೆ. ಸದಸ್ಯ, ಎಂಟ್ರಿ (ಒಂದು ಪಾಳಿಯ ಹಾಲಿನ ದಾಖಲೆ), ದರಪಟ್ಟಿ ಎನ್ನುವ ಆಬ್ಜೆಕ್ಟುಗಳಲ್ಲಿ (ಮಾಹಿತಿಯನ್ನೂ ಅದರ ನಿಯಮವನ್ನೂ ಒಟ್ಟಿಗೆ ಇಡಬಹುದಾದ ಕೋಡಿನ ಘಟಕಗಳು) ಮೌಲ್ಯ ಓದುವ ಗೆಟ್ಟರ್, ಬರೆಯುವ ಸೆಟ್ಟರ್ ಬಿಟ್ಟರೆ ಏನೂ ಉಳಿಯಲಿಲ್ಲ. ಸಾಫ್ಟ್‌ವೇರ್ ವಿನ್ಯಾಸದ ಬಗ್ಗೆ ಬರೆಯುವ ಮಾರ್ಟಿನ್ ಫೌಲರ್ 2003ರಲ್ಲಿ ಇಂಥದ್ದನ್ನೇ ರಕ್ತಹೀನ ಮಾದರಿ ಎಂದು ಕರೆದದ್ದು. ಸೂತ್ರ ಒಂದೇ ಕಡೆ ಬಂತು, ನಿಜ. ಆದರೆ ಎಸ್‌ಎನ್‌ಎಫ್ ಇನ್ನೂ ಬರೀ ಒಂದು ಸಂಖ್ಯೆಯಾಗಿಯೇ ಎಲ್ಲೆಲ್ಲೂ ಓಡಾಡುತ್ತಿತ್ತು. ಅದನ್ನು ಯಾರು ಬೇಕಾದರೂ ದಶಮಾಂಶಕ್ಕೆ ತರುವ ಮೊದಲೇ ಹೋಲಿಸಬಹುದಿತ್ತು. ನಮಗೆ ಪೆಟ್ಟು ಕೊಟ್ಟ ಬಾಗಿಲು ತೆರೆದೇ ಇತ್ತು.

ಆಮೇಲೆ ಎಸ್‌ಎನ್‌ಎಫ್‌ಗೇ ಒಂದು ಕ್ಲಾಸ್ ಬರೆದೆ. ಲ್ಯಾಕ್ಟೋಮೀಟರ್ ರೀಡಿಂಗ್, ಫ್ಯಾಟ್ ಎರಡನ್ನೂ ಕೊಡದೆ ಅದು ಹುಟ್ಟುವುದೇ ಇಲ್ಲ. ಹುಟ್ಟುವಾಗಲೇ ಒಂದು ದಶಮಾಂಶಕ್ಕೆ ಬಂದಿರುತ್ತದೆ, ಆಮೇಲೆ ಬದಲಾಗುವುದಿಲ್ಲ. 8.45 ಎನ್ನುವ ಎಸ್‌ಎನ್‌ಎಫ್ ಈ ಪ್ರೋಗ್ರಾಮಿನಲ್ಲಿ ಈಗ ಎಲ್ಲೂ ಸಿಗುವುದಿಲ್ಲ. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಸಮಾಧಾನ ತಂದ ಇಪ್ಪತ್ತು ಸಾಲು ಅದು. ಯಾವ ದಿನದ ಯಾವ ಪಾಳಿಗೆ ಎಷ್ಟು ದರ ಎನ್ನುವುದು ದರಪಟ್ಟಿಗೆ ಗೊತ್ತು. ಎಂಟ್ರಿ ಅದನ್ನು ಕೇಳಿ ತನ್ನ ಮೊತ್ತ ತಾನೇ ಹೇಳುತ್ತದೆ.

ಅಲ್ಲಿಂದ ಉತ್ಸಾಹ ಹೆಚ್ಚಾಗಿ ಪಶು ಆಹಾರದ ಸಾಲದ ಕಡಿತವನ್ನು ಸದಸ್ಯನ ಕ್ಲಾಸಿಗೆ ಹಾಕಿದೆ. ಅದು ತಪ್ಪಾಯಿತು. ಕಡಿತ ಎಷ್ಟು ಎನ್ನಲು ಆ ಅವಧಿಯ ಎಲ್ಲ ಎಂಟ್ರಿಗಳ ಮೊತ್ತ ಬೇಕು, ಹಳೆಯ ಬಾಕಿ ಬೇಕು. ಒಬ್ಬ ಸದಸ್ಯನನ್ನು ತೆರೆದರೆ ಅರ್ಧ ಡೇಟಾಬೇಸ್ ಹಿಂದೆ ಬರುತ್ತಿತ್ತು. ಕಾರ್ಯದರ್ಶಿಗಳ ಮಾತಿನಲ್ಲೇ ಉತ್ತರವಿತ್ತು: "ಈ ಬಟವಾಡೆಯಲ್ಲಿ ಫೀಡ್ ಹಿಡ್ಕೊಂಡಿದೀವಿ." ಹಿಡಿದುಕೊಳ್ಳುವುದು ಬಟವಾಡೆ. ಹಾಗಾಗಿ ಬಟವಾಡೆಯನ್ನೇ ಒಂದು ಆಬ್ಜೆಕ್ಟ್ ಮಾಡಿ ಕಡಿತವನ್ನು ಅದಕ್ಕೆ ಕೊಟ್ಟೆ. ಈಗಲೂ ಯಾವ ನಿಯಮ ಬಂದರೂ ಅದಕ್ಕೆ ಬೇಕಾದ ಮಾಹಿತಿ ಯಾರ ಕೈಲಿದೆ ಎಂದು ಮೊದಲು ನೋಡುತ್ತೇನೆ. ಊರಿನವರು ಅದನ್ನು ಯಾವ ಹೆಸರಿನಿಂದ ಕರೆಯುತ್ತಾರೆ ಎಂದೂ ಕೇಳಿಕೊಳ್ಳುತ್ತೇನೆ.

ಸರ್ಕಾರದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನವನ್ನು ಮಾತ್ರ ಎಂಟ್ರಿಯ ಮೊತ್ತಕ್ಕೆ ಸೇರಿಸಲಿಲ್ಲ. ಅದು ಸದಸ್ಯರ ಬ್ಯಾಂಕ್ ಖಾತೆಗೆ ನೇರವಾಗಿ ಹೋಗುವ ಹಣ. ಡೇರಿ ಕೊಡಬೇಕಾದದ್ದು ಲೀಟರುಗಳ ಪಟ್ಟಿ ಅಷ್ಟೆ. ಒಬ್ಬರ ಹೆಸರಿಗೆ ಒಂದು ಪಾಳಿಯಲ್ಲಿ ಎರಡು ಎಂಟ್ರಿ ಬೀಳಬಾರದು ಎನ್ನುವ ನಿಯಮವನ್ನು ಡೇಟಾಬೇಸಿನಲ್ಲೇ ಉಳಿಸಿದೆ. ಎರಡು ಕಂಪ್ಯೂಟರಿನಿಂದ ಒಟ್ಟಿಗೆ ಎಂಟ್ರಿ ಹೊಡೆದರೆ ನನ್ನ ಆಬ್ಜೆಕ್ಟುಗಳಿಗೆ ಒಂದಕ್ಕೊಂದು ಕಾಣುವುದಿಲ್ಲ, ಡೇಟಾಬೇಸಿನ ಯೂನಿಕ್ ಕೀ (ಒಂದೇ ದಾಖಲೆ ಎರಡು ಸಲ ಸೇರದಂತೆ ಕಾಯುವ ಏರ್ಪಾಡು) ತಡೆಯುತ್ತದೆ. ರಿಪೋರ್ಟುಗಳು ಇಂದಿಗೂ ಡೇಟಾಬೇಸಿನ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲೇ ಇವೆ. ಆದರೆ ಉಳಿಸಿಟ್ಟ ಮೊತ್ತಗಳನ್ನು ಕೂಡುತ್ತವೆಯೇ ಹೊರತು ಲೆಕ್ಕವನ್ನು ಹೊಸದಾಗಿ ಮಾಡುವುದಿಲ್ಲ.

ಹಳೇ ಸ್ಟೋರ್ಡ್ ಪ್ರೊಸೀಜರ್ ಅಳಿಸುವ ಮುಂಚೆ ಹಾಲು ಪರೀಕ್ಷಕರ ಕೈಬರಹದ ಪುಸ್ತಕ ಕೇಳಿ ತಂದೆ. ಒಂದು ವಾರದ ರೀಡಿಂಗುಗಳನ್ನು, ಕೋಡು ಸರಿಯಾದ ಉತ್ತರ ಕೊಡುತ್ತದೆಯೇ ಎಂದು ನೋಡುವ ಟೆಸ್ಟುಗಳಾಗಿ ಬರೆದೆ. ಅವುಗಳ ಮೇಲೆ, ಮೊಟ್ಟಮೊದಲ ಟೆಸ್ಟಾಗಿ, ಆ ತಾಯಿಯ ಚೀಟಿ ಇದೆ: 29, 4.2, ಬರಬೇಕಾದದ್ದು 8.5.