ಮೋಲ್ಡ್‌ಗೆ ಮೊದಲೇ ವೈರಿಂಗ್ ನಕ್ಷೆ

ನಮ್ಮ ಕೆಳಗಿನ ಮನೆಯಲ್ಲಿ ಯುಪಿಎಸ್‌ಗೆ ಬೇರೆ ಲೈನ್ ಎಳೆದಿರಲಿಲ್ಲ. ಕರೆಂಟ್ ಹೋದರೆ ಅಡುಗೆಮನೆ ಕತ್ತಲು. ಗೋಡೆ ಒಡೆಸುವ ಬದಲು ಹೊರಗಿನಿಂದಲೇ ಪಟ್ಟಿ ಹೊಡೆಸಿ ತಂತಿ ಎಳೆಸಿದೆ. ಕೆಲಸ ಆಯ್ತು, ನೋಡೋಕೆ ಚೆನ್ನಾಗಿಲ್ಲ ಅಷ್ಟೇ.

ಮಹಡಿ ಕಟ್ಟಿಸುವಾಗ ಮೋಲ್ಡ್‌ಗೆ, ಅಂದರೆ ತಾರಸಿಗೆ ಕಾಂಕ್ರೀಟ್ ಹಾಕೋದಕ್ಕೆ, ಮೊದಲೇ ಎಲೆಕ್ಟ್ರಿಷಿಯನ್‌ನನ್ನು ಕರೆಸಿದೆ. ಫ್ಯಾನ್ ಬಾಕ್ಸು, ಲೈಟಿನ ಪೈಪು ಎಲ್ಲ ಕಂಬಿ ಕಟ್ಟಿದ ಮೇಲೆ, ಕಾಂಕ್ರೀಟ್ ಸುರಿಯುವ ಮೊದಲು ಕೂರಬೇಕು. ಆಮೇಲೆ ನೆನಪಾದರೆ ಕೊರೆಯೋದೇ ಗತಿ. ಗೋಡೆಗಳ ಮೇಲೆ ಸೀಮೆಸುಣ್ಣದಲ್ಲಿ ಮಂಚ, ಬೀರು, ಫ್ರಿಜ್ ಎಲ್ಲಿ ಬರುತ್ತೆ ಅಂತ ಗುರುತು ಹಾಕಿದೆವು.

"ಈ ಸ್ವಿಚ್ ಬೋರ್ಡು ಬೀರು ಹಿಂದೆ ಹೋಗುತ್ತಲ್ರೀ" ಅಂದಳು ಹೆಂಡತಿ. ಸರಿಸಿದೆವು. ಸೀಮೆಸುಣ್ಣ ಅಳಿಸೋಕೆ ಕೂಲಿ ಕೊಡಬೇಕಿಲ್ಲ ಅಲ್ವಾ!

ಲೈಟಿಗೆ 1.5 ಚದರ ಮಿ.ಮೀ. ತಂತಿ, ಗೀಸರ್‌ಗೆ 4. ಯುಪಿಎಸ್‌ಗೆ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ತಂತಿ) ಕೂಡ ಬೇರೆ. ಮುಂದೆ ಸೋಲಾರ್ ಹಾಕಿಸಿದರೆ ಇರಲಿ ಅಂತ ತಾರಸಿಯಿಂದ ಮೀಟರ್ ಬೋರ್ಡಿನವರೆಗೆ ಒಂದು ಖಾಲಿ ಪೈಪು.

ಗಾರೆ ಬಳಿಯುವ ಮುಂಚೆ ಗೋಡೆಗೆ ಅಳತೆ ಟೇಪ್ ಹಿಡಿದು ಎಲ್ಲ ಕೋಣೆಗಳ ಫೋಟೋ ತೆಗೆದುಕೊಂಡೆ. ಇದೇ ಜಾಸ್ತಿ ಉಪಯೋಗಕ್ಕೆ ಬಂದಿದ್ದು. ಮೊನ್ನೆ ಟಿವಿ ಸ್ಟ್ಯಾಂಡಿಗೆ ಫೋಟೋ ನೋಡಿಕೊಂಡೇ ಡ್ರಿಲ್ ಹಾಕಿಸಿದೆ.