ಎರೆಹುಳದ ಕರುಳಲ್ಲಿ ತಾಮ್ರ: ನನ್ನ ಅನುಭವ

ಚನ್ನಗಿರಿ ಕಡೆ ಅಡಿಕೆ ಬೆಳೆಯುವವರಿಗೆ ತಾಮ್ರ ಹೊಸದಲ್ಲ. ಕೊಳೆರೋಗ ತಡೆಯಲು ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ನಮ್ಮ ಮಾವನೂ ಹಾಗೇ. ನಾನು ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಿದ್ದಾಗ ಅವರೇ ಕೇಳಿದರು: "ಈಗ ನ್ಯಾನೋ ತಾಮ್ರ ಅಂತಾರಲ್ಲ, ಅದು ಎರೆಹುಳಕ್ಕೆ ಏನೂ ಮಾಡಲ್ವಾ?" ಆ ಪ್ರಶ್ನೆ ಹಿಡಿದುಕೊಂಡೇ ದಾವಣಗೆರೆಗೆ ವಾಪಸ್ ಬಂದೆ.

ನ್ಯಾನೋ ಕಣ ಅಂದರೆ 1ರಿಂದ 100 ನ್ಯಾನೋಮೀಟರ್. ಬ್ಯಾಕ್ಟೀರಿಯಾಕ್ಕಿಂತಲೂ ಎಷ್ಟೋ ಚಿಕ್ಕದು. ಮಣ್ಣಿನ ಜೊತೆ ಹುಳು ಅದನ್ನೂ ನುಂಗುತ್ತದೆ. ತಾಮ್ರದ ಆಕ್ಸೈಡ್ ಕಣ ನಿಧಾನವಾಗಿ ಕರಗುತ್ತಲೂ ಇರುತ್ತದೆ. ತೊಂದರೆ ಕಂಡರೆ ಅದು ಕಣದಿಂದಲೋ, ಕರಗಿದ ತಾಮ್ರದಿಂದಲೋ? ಅದಕ್ಕೇ ಮೂರು ಟಬ್ ಇಟ್ಟೆ. ಒಂದರಲ್ಲಿ ಬರೀ ಮಣ್ಣು, ಇನ್ನೊಂದಕ್ಕೆ ನ್ಯಾನೋ ಕಣ, ಮೂರನೆಯದಕ್ಕೆ ಅಷ್ಟೇ ತಾಮ್ರ ಸಿಗುವಷ್ಟು, ನೀರಲ್ಲಿ ಸುಲಭವಾಗಿ ಕರಗುವ ಮೈಲುತುತ್ತ. ಈ ಮೂರನೇ ಟಬ್ ಬಿಟ್ಟರೆ ಪ್ರಯೋಗ ಮಾಡಿಯೂ ದಂಡ.

ಮಾವನ ತೋಟದ ಮಣ್ಣು ತರಲಿಲ್ಲ. ಅದರಲ್ಲಿ ವರ್ಷಗಳ ತಾಮ್ರ ಇರುತ್ತದೆ. ಮೆಕ್ಕೆಜೋಳದ ಹೊಲದ ಮಣ್ಣು ತಂದೆ. ಹುಳು ಮಾತ್ರ ಅವರ ಎರೆಗೊಬ್ಬರದ ತೊಟ್ಟಿಯದೇ, ಐಸೀನಿಯಾ ಫೆಟಿಡಾ ಅನ್ನುವ ಜಾತಿ. ಮೈಮೇಲೆ ಪಟ್ಟಿ ಮೂಡಿದ, ಬಲಿತ ಹುಳುಗಳನ್ನೇ ಆರಿಸಿದೆ. ಮೇವಿಗೆ ಒಣ ಸಗಣಿ ಪುಡಿ.

ಮೊದಲ ಸಲ ತಪ್ಪು ಮಾಡಿದೆ. ಟಬ್‌ನಿಂದ ತೆಗೆದ ಹುಳುವನ್ನು ಹಾಗೇ ಕೊಯ್ದೆ. ಕರುಳಿನ ತುಂಬ ಸಗಣಿ, ಮಣ್ಣು. ಆಮೇಲೆ ಒದ್ದೆ ಫಿಲ್ಟರ್ ಪೇಪರ್ ಮೇಲೆ 24 ಗಂಟೆ ಬಿಟ್ಟು ಹೊಟ್ಟೆ ಖಾಲಿ ಮಾಡಿಸಿದೆ. ಪೇಪರ್ ಬದಲಿಸುತ್ತಿರಬೇಕು, ಇಲ್ಲದಿದ್ದರೆ ತಾನು ಹಾಕಿದ ಹಿಕ್ಕೆಯನ್ನೇ ಮತ್ತೆ ತಿನ್ನುತ್ತದೆ. ಕರುಳು ನೆನೆದ ನೂಲಿನ ಹಾಗಿರುತ್ತದೆ, ಸ್ವಲ್ಪ ಎಳೆದರೂ ಹರಿಯುತ್ತದೆ. ಉಸಿರು ಬಿಗಿಹಿಡಿದು ಬಿಡಿಸುತ್ತಿದ್ದೆ.

ಕರುಳಲ್ಲಿ ಯಾವ ಬ್ಯಾಕ್ಟೀರಿಯಾ ಇವೆ ಅಂತ ತಿಳಿಯಲು ಡಿಎನ್‌ಎ ತೆಗೆದರೆ ಟ್ಯೂಬಿನಲ್ಲಿ ಚಹಾ ಡಿಕಾಕ್ಷನ್ ಬಣ್ಣ! ಎಂಜೈಮ್ ಹಾಕಿ ಡಿಎನ್‌ಎ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್ ಮಾಡಿದರೆ, ಆ ಪ್ರತಿಗಳು ಜೆಲ್ ಮೇಲೆ ಗೆರೆಯಾಗಿ ಕಾಣುವ ಬ್ಯಾಂಡೇ ಇಲ್ಲ. ಮೂರು ದಿನ ಎಂಜೈಮ್ ಕೆಟ್ಟಿದೆ ಅಂದುಕೊಂಡೆ. ಅಡ್ಡ ಬಂದಿದ್ದು ಮಣ್ಣಿನ ಹ್ಯೂಮಿಕ್ ಆಮ್ಲ, ಕೊಳೆತ ಸೊಪ್ಪುಸದೆಯಿಂದ ಬರುವ ಕಂದು ಪದಾರ್ಥ. ಹತ್ತು ಪಟ್ಟು ತೆಳು ಮಾಡಿದ ಮೇಲೆ ಬ್ಯಾಂಡ್ ಬಂತು. ಆ ಸಂಜೆ ಮಾವನಿಗೆ ಫೋಟೋ ಕಳಿಸಿದೆ.

28 ದಿನ ಕಳೆದರೂ ಒಂದು ಹುಳುವೂ ಸಾಯಲಿಲ್ಲ. ತೂಕವೂ ಅಷ್ಟೇನೂ ಇಳಿಯಲಿಲ್ಲ. ಅಲ್ಲಿಗೇ ನಿಲ್ಲಿಸಿದ್ದರೆ "ತೊಂದರೆ ಇಲ್ಲ" ಅಂತ ಬರೆದುಬಿಡುತ್ತಿದ್ದೆ. ಆದರೆ ಬ್ಯಾಕ್ಟೀರಿಯಾಗಳ ಗುರುತು ಹಿಡಿಯಲು ಬಳಸುವ 16ಎಸ್ ಜೀನ್ ಓದಿಸಿದಾಗ ತಾಮ್ರ ಬೆರೆಸಿದ ಎರಡೂ ಟಬ್‌ಗಳ ಹುಳುಗಳ ಕರುಳಲ್ಲಿ ಬ್ಯಾಕ್ಟೀರಿಯಾಗಳ ಲೆಕ್ಕವೇ ಬದಲಾಗಿತ್ತು. ನ್ಯಾನೋ ಮಾಡಿದ ಬದಲಾವಣೆ ಒಂದು ಥರ, ಮೈಲುತುತ್ತದ್ದು ಇನ್ನೊಂದು ಥರ. ಟಬ್‌ಗೆ ಮೂರೇ ಹುಳು ನೋಡಿದ್ದು, ಹಾಗಾಗಿ ಇದನ್ನೇ ಕೊನೆಯ ಮಾತು ಅನ್ನಲಾರೆ. ಆದರೂ ನನಗೆ ಕಳವಳವಾಯಿತು. ತಿಂದ ಮಣ್ಣು ಅರಗುವುದಕ್ಕೆ ಈ ಬ್ಯಾಕ್ಟೀರಿಯಾಗಳ ನೆರವು ಬೇಕು. ಆಮ್ಲಜನಕವಿಲ್ಲದ ಆ ಕರುಳಲ್ಲಿ ನೈಟ್ರೇಟನ್ನು ಅನಿಲವಾಗಿಸುವವೂ ಇವೇ.

ಉಳಿದ ಹುಳುಗಳನ್ನು ಈಗ ತಾಮ್ರವಿಲ್ಲದ ಮಣ್ಣಿಗೆ ಹಾಕಿದ್ದೇನೆ. ಕರುಳು ಮೊದಲಿನ ಹಾಗೆ ಆಗುತ್ತದಾ ಅಂತ ಮುಂದಿನ ತಿಂಗಳು ನೋಡಬೇಕು. ಮಾವ ವಾರಕ್ಕೊಮ್ಮೆ ಫೋನ್ ಮಾಡಿ ಹುಳುಗಳನ್ನು ವಿಚಾರಿಸಿಕೊಳ್ಳುತ್ತಿದ್ದಾರೆ.